ಚಾರ್ಜ್ ಆಗಲ್ಲ ಎಂದ ಬ್ಯಾಟರಿ, ಎಲ್ಲದಕ್ಕೂ ಸೈ ಎಂದ ಬ್ಯಾಟರಿ: ಒಂದು ಪ್ರಕರಣ ಅಧ್ಯಯನ

ಇದು ಹಗಲೂ ರಾತ್ರಿಯೂ ಪಾಳಿಯಲ್ಲಿ ನಡೆಯುವ ಒಂದು ಆರೈಕೆ ಕೇಂದ್ರದ ಫೋನು ಬ್ಯಾಟರಿಗಳ ಕಥೆ. ಸಂಸ್ಥೆಯ ಹೆಸರು, ಜಾಗ, ಫೋನಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬೆಂಕಿ ಹತ್ತಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಬೆಂಕಿ ಹತ್ತಿದ ಕಡೆ ಕರಕಲಾದ ಪ್ಲಾಸ್ಟಿಕ್ ಬಿಟ್ಟರೆ ನೋಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಎಲ್ಲಿ ಎಡವಿದರು ಅನ್ನುವುದು ಊಹೆಯಾಗಿಯೇ ಉಳಿಯುತ್ತದೆ. ಇಲ್ಲಿ ಒಂದೊಂದು ಹೆಜ್ಜೆಯೂ ಕೈಗೆ ಸಿಕ್ಕಿತು. ಬರೆಯಲು ಅದೇ ಕಾರಣ.

ಹಿನ್ನೆಲೆ

ಕೇಂದ್ರದವರು ಹಳೆಯ ತಂತಿ ಫೋನುಗಳನ್ನು ಬಹುಪಾಲು ತೆಗೆಸಿ, ಕರೆಗಳೆಲ್ಲ ಇಂಟರ್ನೆಟ್ ಮೂಲಕವೇ ಹೋಗುವಂತೆ ಮಾಡಿಸಿದ್ದರು. ಕೋಣೆಯಿಂದ ಕೋಣೆಗೆ ಓಡಾಡುವ ಸಿಬ್ಬಂದಿಗೆ ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ ಕೊಟ್ಟಿದ್ದರು. ಬೇರೆ ಬೇರೆ ಸಮಯದಲ್ಲಿ ಕೊಂಡದ್ದರಿಂದ ಅವು ಎರಡು ಜಾತಿಯವು. ಮೊದಲನೆಯವು ಡೆಕ್ಟ್ ಫೋನುಗಳು. ಬೇಸ್ ಸ್ಟೇಷನ್ ಮಾತ್ರ ರೂಟರ್‌ಗೆ ಜೋಡಣೆ. ಹ್ಯಾಂಡ್‌ಸೆಟ್ ಬೇಸ್ ಜತೆ ತನ್ನದೇ ರೇಡಿಯೋದಲ್ಲಿ ಮಾತಾಡುತ್ತದೆ. ಇವುಗಳೊಳಗೆ ಎಎಎ ಗಾತ್ರದ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು, ಒಂದೊಂದೂ 1.2 ವೋಲ್ಟ್. ಎರಡನೆಯವು ನೇರವಾಗಿ ವೈಫೈಗೆ ಸೇರುವ ಹ್ಯಾಂಡ್‌ಸೆಟ್‌ಗಳು. ಇವುಗಳಲ್ಲಿರುವುದು ಮೊಬೈಲಿನಲ್ಲಿರುವಂಥದೇ ಲಿಥಿಯಂ ಅಯಾನ್ ಬ್ಯಾಟರಿ: ಸಾಮಾನ್ಯ ಲೆಕ್ಕದಲ್ಲಿ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2.

ಎರಡರ ಸ್ವಭಾವವೂ ಬೇರೆ. ನಿಕಲ್ ಸೆಲ್ಲು ಸ್ವಲ್ಪ ಸಹನೆಯುಳ್ಳದ್ದು. ನಿಧಾನವಾಗಿ ಚಾರ್ಜ್ ಮಾಡುತ್ತಿದ್ದರೆ, ತುಂಬಿದ ಮೇಲೂ ಒಳಬರುವ ವಿದ್ಯುತ್ತನ್ನು ಬಿಸಿಯಾಗಿ ಹೊರಗೆ ಹಾಕಿ ಸುಮ್ಮನಿರುತ್ತದೆ. ಲಿಥಿಯಂಗೆ ಆ ಸಹನೆಯಿಲ್ಲ. ಮೊದಲು ಒಂದೇ ಪ್ರಮಾಣದ ಕರೆಂಟು, 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತಾ ಬರಬೇಕು, ಆಮೇಲೆ ನಿಲ್ಲಿಸಬೇಕು. ಜತೆಗೆ ಬಿಸಿಯ ಗಡಿಯೂ ಉಂಟು: ಸಾಮಾನ್ಯವಾಗಿ 0 ಡಿಗ್ರಿಗಿಂತ ಕೆಳಗೆ, 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡುವಂತಿಲ್ಲ. ಈ ಲೆಕ್ಕವನ್ನೆಲ್ಲ ಹ್ಯಾಂಡ್‌ಸೆಟ್ ಒಳಗಿನ ಚಾರ್ಜಿಂಗ್ ಸರ್ಕ್ಯೂಟೇ ನೋಡಿಕೊಳ್ಳುತ್ತದೆ, ಅದಕ್ಕೆ ಸರಿಯಾದ ಸುದ್ದಿ ಸಿಗುತ್ತಿದ್ದರೆ.

ಇನ್ನು ಜಾಗ. ನೆಟ್‌ವರ್ಕ್ ಸಾಮಾನು ಇಟ್ಟಿದ್ದ ಕಿರುಕೋಣೆಯಲ್ಲಿ ಪ್ಲಗ್ ಪಾಯಿಂಟುಗಳು ಧಾರಾಳವಾಗಿದ್ದವು. ಹಾಗಾಗಿ ರ‍್ಯಾಕಿನ ನೆತ್ತಿಯ ಮೇಲೊಂದು ಮರದ ಹಲಗೆ ಹೊಡೆಸಿ ಚಾರ್ಜಿಂಗ್ ತೊಟ್ಟಿಲುಗಳನ್ನೆಲ್ಲ ಸಾಲಾಗಿ ಅಲ್ಲೇ ಕೂರಿಸಿದ್ದರು. ಧೂಳು ಬರುತ್ತದೆಂದು ಬಾಗಿಲು ಸದಾ ಮುಚ್ಚಿರುತ್ತಿತ್ತು. ಕೆಳಗಿನ ಸ್ವಿಚ್ಚು ರೂಟರುಗಳ ಬಿಸಿಗಾಳಿ ಮೇಲೇರಿ ನಿಲ್ಲುತ್ತಿದ್ದದ್ದು ಸರಿಯಾಗಿ ಆ ಹಲಗೆಯ ಮಟ್ಟದಲ್ಲಿ. ಹಲಗೆಯ ಪಕ್ಕದಲ್ಲೇ ಖಾಲಿ ರಟ್ಟಿನ ಪೆಟ್ಟಿಗೆಗಳು.

ಸಮಸ್ಯೆ ಹೇಗೆ ಕಂಡಿತು

ವೈಫೈ ಹ್ಯಾಂಡ್‌ಸೆಟ್‌ಗಳ ಬಗ್ಗೆ ಪಾಳಿ ಪುಸ್ತಕದಲ್ಲಿ ಬರೆಯುತ್ತಿದ್ದ ದೂರುಗಳು ಎರಡು ಬಗೆಯವು. ಒಂದು, ‘ಚಾರ್ಜ್ ಆಗ್ತಿಲ್ಲ’. ಇನ್ನೊಂದು, ‘ಚಾರ್ಜ್ ನಿಲ್ತಿಲ್ಲ’, ಅಂದರೆ ತುಂಬಿದ ಚಾರ್ಜು ಬೇಗ ಇಳಿದುಹೋಗುತ್ತದೆ. ಎರಡನ್ನೂ ಎಲ್ಲರೂ ಒಂದೇ ಕಾಯಿಲೆ ಎಂದುಕೊಂಡಿದ್ದರು, ಬ್ಯಾಟರಿ ಹಳತಾಯಿತು ಅಂತ. ಈ ಗಂಟು ಮುಂದೆ ಬಹಳ ಕಾಡಿತು.

‘ಚಾರ್ಜ್ ಆಗ್ತಿಲ್ಲ’ ಎಂಬ ದೂರು ಹೆಚ್ಚಾಗಿ ಬರುತ್ತಿದ್ದದ್ದು ಮಧ್ಯಾಹ್ನದ ಪಾಳಿಯಿಂದ. ಹ್ಯಾಂಡ್‌ಸೆಟ್ ತೊಟ್ಟಿಲಿನಲ್ಲಿ ಕೂತಿದೆ, ದೀಪ ಉರಿದಿದೆ, ಆದರೆ ಬ್ಯಾಟರಿ ಚಿತ್ರದ ಪಕ್ಕ ಥರ್ಮಾಮೀಟರಿನ ಸಣ್ಣ ಗುರುತು ಬಂದು ಚಾರ್ಜಿಂಗ್ ನಿಂತುಹೋಗಿದೆ. ಆ ಗುರುತಿನ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಕೈಪಿಡಿ ಯಾವುದೋ ಡ್ರಾಯರಿನಲ್ಲಿತ್ತು.

ಮೊದಲು ಮಾಡಿದ್ದು

ಖರೀದಿ ನೋಡಿಕೊಳ್ಳುವವರು ಹೊಸ ಬ್ಯಾಟರಿ ತರಿಸಿದರು. ಕಂಪನಿಯದ್ದಲ್ಲ, ‘ಇದೇ ಮಾದರಿಗೆ ಹೊಂದುತ್ತದೆ’ ಎಂದು ಬರೆದಿದ್ದ ಬದಲಿ ಮಾಲು. ಅದೇ ಅಳತೆ, ಕರೆಂಟು ಹಾಯುವ ಅವೇ ಲೋಹದ ಚುಕ್ಕೆಗಳು, ಅಸಲಿಗಿಂತ ಹೆಚ್ಚು ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಎಂಬ ಚೀಟಿ, ಮೇಲೆ ‘ಓವರ್‌ಚಾರ್ಜ್ ಪ್ರೊಟೆಕ್ಷನ್ ಇದೆ’ ಎಂಬ ಭರವಸೆ. ಅಷ್ಟೇ ಗಾತ್ರದ ಬ್ಯಾಟರಿ ಕೈಗೆ ಹಗುರ ಅನ್ನಿಸುತ್ತಿದ್ದರೂ ಯಾರೂ ಅದನ್ನು ತೂಗಿ ನೋಡಲಿಲ್ಲ.

ಹೊಸವು ಬಂದದ್ದೇ ತಡ, ‘ಚಾರ್ಜ್ ಆಗ್ತಿಲ್ಲ’ ಎಂಬ ದೂರು ನಿಂತೇಹೋಯಿತು. ಥರ್ಮಾಮೀಟರಿನ ಗುರುತೂ ಮಾಯ. ಎಷ್ಟು ಹೊತ್ತಿನಲ್ಲಿ ಇಟ್ಟರೂ, ಎಷ್ಟು ಬಿಸಿಯಿದ್ದರೂ ಚಾರ್ಜ್ ಆಗುತ್ತಿತ್ತು. ಸಮಸ್ಯೆ ಬಗೆಹರಿಯಿತೆಂದು ಕಡತ ಮುಚ್ಚಿ, ಮಿಕ್ಕ ಹ್ಯಾಂಡ್‌ಸೆಟ್‌ಗಳಿಗೂ ಅದನ್ನೇ ತರಿಸಿದರು. ತೆಗೆದ ಅಸಲಿ ಬ್ಯಾಟರಿಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದು ಮಾತ್ರ ಅದೃಷ್ಟ.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಘಟ್ಟ. ದೂರು ನಿಂತಿತು, ಹಾಗಾಗಿ ದುರಸ್ತಿಯಾಯಿತು ಎಂದುಕೊಂಡರು. ಚಾರ್ಜ್ ಏಕೆ ನಿಲ್ಲುತ್ತಿತ್ತು ಎಂದು ಕೇಳಿದ್ದರೆ ಹಲಗೆಯ ಜಾಗ ಆಗಲೇ ಬದಲಾಗುತ್ತಿತ್ತು. ಖರೀದಿಯವರನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೆ ಬಂದದ್ದು ‘ಬ್ಯಾಟರಿ ಹೋಗಿದೆ’ ಎಂಬ ಒಂದು ಸಾಲು.

ರಬ್ಬರ್ ಬ್ಯಾಂಡ್

ನನ್ನನ್ನು ಕರೆಸಿದ್ದು ಬ್ಯಾಟರಿಗಾಗಿ ಅಲ್ಲ. ಕಟ್ಟಡದ ಹಿಂಭಾಗದಲ್ಲಿ ಮಾತಿನ ನಡುವೆ ಕರೆ ಕಡಿದುಹೋಗುತ್ತದೆ ಎಂಬ ದೂರು ನೋಡುವುದಕ್ಕೆ. ಕಿರುಕೋಣೆಗೆ ಹೋದಾಗ ಒಂದು ಹ್ಯಾಂಡ್‌ಸೆಟ್ಟಿನ ಸೊಂಟಕ್ಕೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಸುತ್ತಿದ್ದು ಕಂಡಿತು.

“ಅದರ ಹಿಂದಿನ ಮುಚ್ಚಳ ಲೂಸಾಗಿದೆ ಸರ್. ರಬ್ಬರ್ ಹಾಕಿ ಅದುಮಿ ಕೂರಿಸಿದ್ರೆ ಚೆನ್ನಾಗಿ ಚಾರ್ಜ್ ಆಗತ್ತೆ,” ಅಂದರು ಪಾಳಿಯಲ್ಲಿದ್ದ ಸಿಸ್ಟರ್.

“ಎಷ್ಟು ದಿನದಿಂದ ಹೀಗಿದೆ ಸಿಸ್ಟರ್?”

“ನಾನು ಬಂದಾಗಿಂದ ಹೀಗೇ ಇದೆ.”

ತೊಟ್ಟಿಲಿನಿಂದ ತೆಗೆದು ರಬ್ಬರ್ ಬಿಚ್ಚಿದೆ. ಮುಚ್ಚಳ ತಾನಾಗಿಯೇ ಮೇಲೆದ್ದಿತು. ಒಳಗಿನ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು, ಅಂಚಿನ ಟೇಪು ಹರಿದು ಬೆಳ್ಳಿ ಬಣ್ಣದ ಹೊದಿಕೆ ಇಣುಕುತ್ತಿತ್ತು. ಹೊರಕ್ಕೆ ತೆಗೆದು ಮೇಜಿನ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ಸವರಿದರೆ ಬುಗುರಿಯ ಹಾಗೆ ತಿರುಗಿತು. ಚಪ್ಪಟೆಯಾಗಿರುವ ಬ್ಯಾಟರಿ ಹಾಗೆ ತಿರುಗುವುದಿಲ್ಲ. ಮಿಕ್ಕವುಗಳ ಮುಚ್ಚಳ ತೆಗೆಸಿದಾಗ ಇನ್ನೂ ಕೆಲವು ಊದಿದ್ದವು, ಕೆಲವು ಊದುವ ಹಾದಿಯಲ್ಲಿದ್ದವು. ಒಂದಂತೂ ಗೂಡಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು.

ಸಹಾಯಕ್ಕೆ ಬಂದ ಹುಡುಗ ಸ್ಕ್ರೂಡ್ರೈವರ್ ಹಿಡಿದು “ಮೀಟಿ ತೆಗೀತೀನಿ ಸರ್” ಅಂದ. ಬೇಡವೆಂದೆ. ಊದಿದ ಬ್ಯಾಟರಿಯ ಒಳಗಿರುವುದು ಉರಿಯಬಲ್ಲ ದ್ರಾವಣ, ಅದು ಒಡೆದು ಹುಟ್ಟಿದ ಅನಿಲ, ಮತ್ತು ತೆಳ್ಳಗಿನ ಪೊರೆಯೊಂದರಿಂದ ಬೇರ್ಪಟ್ಟ ಎರಡು ಹಾಳೆ. ಮೊನೆ ತಾಗಿ ಪೊರೆ ಹರಿದರೆ ಅಲ್ಲೇ ಶಾರ್ಟ್. ಆ ಹ್ಯಾಂಡ್‌ಸೆಟ್ಟನ್ನು ಬ್ಯಾಟರಿ ಸಮೇತ ಬಳಕೆಯಿಂದ ತೆಗೆದೆವು. ರಬ್ಬರ್ ಬ್ಯಾಂಡ್ ಹಾಕಿದ್ದೂ ಇದೇ ಜಾತಿಯ ಕೆಲಸ, ಆದರೆ ಹಾಕಿದವರಿಗೆ ಕಂಡದ್ದು ಸಡಿಲವಾದ ಮುಚ್ಚಳ ಮಾತ್ರ.

ಮೂರನೇ ಚುಕ್ಕೆ

ಊದಿದ್ದವು ಎಲ್ಲವೂ ಬದಲಿ ಬ್ಯಾಟರಿಗಳೇ. ಅವುಗಳಿಗಿಂತ ಹಳೆಯ ಅಸಲಿ ಬ್ಯಾಟರಿಗಳು ಡಬ್ಬಿಯಲ್ಲಿ ಚಪ್ಪಟೆಯಾಗಿಯೇ ಇದ್ದವು. ಮಾಲು ಕಳಪೆ ಎಂದು ಷರಾ ಬರೆದು ಮುಗಿಸಬಹುದಿತ್ತು. ಆದರೆ ‘ಚಾರ್ಜ್ ಆಗ್ತಿಲ್ಲ’ ಎಂಬ ದೂರು ಇವು ಬಂದ ಕೂಡಲೇ ಏಕೆ ನಿಂತಿತು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಬ್ಯಾಟರಿಯ ತಲೆಯಲ್ಲಿ ಬಂಗಾರದ ಬಣ್ಣದ ಮೂರು ಚುಕ್ಕೆಗಳಿವೆ. ಎರಡು ಪ್ಲಸ್ಸು ಮೈನಸ್ಸು. ಈ ಮಾದರಿಯಲ್ಲಿ ಮೂರನೆಯದು ಒಳಗಿನ ಥರ್ಮಿಸ್ಟರ್‌ಗೆ, ಅಂದರೆ ಬಿಸಿಯಾದಂತೆ ರೋಧ ಇಳಿಯುವ ಪುಟ್ಟ ಬಿಡಿಭಾಗಕ್ಕೆ ಹೋಗುತ್ತದೆ. ಹ್ಯಾಂಡ್‌ಸೆಟ್ ಅದನ್ನು ಓದಿಯೇ ಬ್ಯಾಟರಿ ಎಷ್ಟು ಬಿಸಿಯಿದೆ ಎಂದು ತಿಳಿಯುವುದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೈನಸ್ಸಿಗೂ ಇನ್ನೊಂದನ್ನು ಮೂರನೇ ಚುಕ್ಕೆಗೂ ಹಿಡಿದೆ. ಅಸಲಿ ಬ್ಯಾಟರಿ ಸುಮಾರು 10 ಕಿಲೋಓಮ್ ರೋಧ ತೋರಿಸಿತು. ಅದನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಅಂಕಿ ಒಂದೊಂದಾಗಿ ಇಳಿಯುತ್ತಾ 8ರ ಹತ್ತಿರ ಬಂದಿತು. ಬದಲಿ ಬ್ಯಾಟರಿಗಳ ಪೈಕಿ ಊದದೇ ಇದ್ದ ಒಂದನ್ನು ಅದೇ ರೀತಿ ಹಿಡಿದೆ. 10.0. ಅಂಗೈ ಬೆವರಿದರೂ 10.0. ರ‍್ಯಾಕಿನ ಬೆಚ್ಚನೆಯ ತಗಡಿನ ಮೇಲೆ ಒಂದಿಷ್ಟು ಹೊತ್ತು ಇಟ್ಟು ನೋಡಿದರೂ 10.0.

ತಯಾರಿಸಿದವರು ಥರ್ಮಿಸ್ಟರ್ ಬದಲು, ಬಿಸಿಯಾದರೂ ರೋಧ ಬದಲಾಗದ ಸಾಮಾನ್ಯ ರೆಸಿಸ್ಟರ್ ಕೂರಿಸಿದ್ದರು. ಬ್ಯಾಟರಿ ಕುದಿಯುತ್ತಿದ್ದರೂ ಅದು ಹ್ಯಾಂಡ್‌ಸೆಟ್‌ಗೆ ‘25 ಡಿಗ್ರಿ, ಆರಾಮ’ ಎಂದೇ ಹೇಳುತ್ತದೆ. ಅಸಲಿ ಬ್ಯಾಟರಿಗಳು ಹಲಗೆಯ ಬಿಸಿಗೆ ಚಾರ್ಜ್ ನಿಲ್ಲಿಸಿಕೊಳ್ಳುತ್ತಿದ್ದವು, ಅದು ಸುರಕ್ಷತೆ ಕೆಲಸ ಮಾಡುತ್ತಿದ್ದುದರ ಲಕ್ಷಣ. ಆ ಬಾಯನ್ನು ಮುಚ್ಚಿಸುವ ಬ್ಯಾಟರಿಯನ್ನು ದುಡ್ಡು ಕೊಟ್ಟು ತಂದಂತಾಗಿತ್ತು.

ಚೀಟಿಯ ಮೇಲಿದ್ದ ‘ಓವರ್‌ಚಾರ್ಜ್ ಪ್ರೊಟೆಕ್ಷನ್’ ಸುಳ್ಳೇ ಆಗಿರಬೇಕಿಲ್ಲ. ಬ್ಯಾಟರಿಯೊಳಗಿನ ಪುಟ್ಟ ರಕ್ಷಣಾ ಸರ್ಕ್ಯೂಟು ಸಾಮಾನ್ಯವಾಗಿ ವೋಲ್ಟೇಜ್ ಮಿತಿಮೀರಿತೇ, ತೀರಾ ಇಳಿಯಿತೇ, ಶಾರ್ಟ್ ಆಯಿತೇ ಎಂದು ನೋಡುತ್ತದೆ. ಬಿಸಿಯನ್ನು ನೋಡುವ ಹೊಣೆ ಬಹುತೇಕ ಚಾರ್ಜರಿನದ್ದು. 4.2 ವೋಲ್ಟ್ ದಾಟದೆಯೂ ಬ್ಯಾಟರಿ ಊದಬಹುದು: ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಬಿಸಿ ಜಾಗದಲ್ಲಿ, ದಿನಗಟ್ಟಲೆ ಕೂತರೆ ದ್ರಾವಣ ನಿಧಾನವಾಗಿ ಒಡೆದು ಅನಿಲವಾಗುತ್ತದೆ. ಹಲಗೆಯ ಮೇಲೊಂದು ಥರ್ಮಾಮೀಟರ್ ಇಟ್ಟು ನೋಡಿದಾಗ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತಿತ್ತು. ಚಾರ್ಜ್ ಆಗುವ ಬ್ಯಾಟರಿ ತಾನೂ ಬಿಸಿಯಾಗುತ್ತದೆ. ಜತೆಗೆ ಬಿದ್ದರೆ ಒಡೆಯಬಾರದೆಂದು ಹಾಕಿದ್ದ ದಪ್ಪ ರಬ್ಬರ್ ಕವಚ. ಒಳಗೆ 45 ದಾಟಲು ಹೆಚ್ಚು ಹೊತ್ತು ಬೇಡ.

ಇಲ್ಲೊಂದು ಎಚ್ಚರಿಕೆ. ಎಲ್ಲ ಕಂಪನಿಗಳ ಮೂರನೇ ಚುಕ್ಕೆಯೂ ಥರ್ಮಿಸ್ಟರೇ ಆಗಿರುವುದಿಲ್ಲ. ಕೆಲವರು ಬ್ಯಾಟರಿಯ ಗುರುತು ಹಿಡಿಯಲು ಅದನ್ನು ಬಳಸುತ್ತಾರೆ. ಅಸಲಿ ಬ್ಯಾಟರಿಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸದೆ ಈ ಪರೀಕ್ಷೆಯಿಂದ ತೀರ್ಪು ಕೊಡಬಾರದು. ಕಡ್ಡಿ ಜಾರಿ ಪ್ಲಸ್ಸು ಮೈನಸ್ಸುಗಳನ್ನು ಸೇರಿಸದಂತೆ ಕೈ ಗಟ್ಟಿಯಿರಲಿ.

ತೀರ್ಮಾನದ ಸಂಜೆ

ಊದಿದವನ್ನು ತೆಗೆಯುವುದರಲ್ಲಿ ಯಾರದ್ದೂ ತಕರಾರಿರಲಿಲ್ಲ. ಜಗಳ ಬಂದದ್ದು ಊದದ ಬದಲಿ ಬ್ಯಾಟರಿಗಳ ವಿಷಯಕ್ಕೆ. ಆಡಳಿತಾಧಿಕಾರಿಯ ವಾದ ಸರಳವಾಗಿತ್ತು: ಕಂಪನಿಯ ಬ್ಯಾಟರಿ ಬರುವವರೆಗೆ ಇವನ್ನೇ ಹಗಲಲ್ಲಿ, ಕಣ್ಣೆದುರು ಚಾರ್ಜ್ ಮಾಡಿಕೊಂಡು ಓಡಿಸೋಣ. ರಾತ್ರಿ ಯಾರಾದರೂ ಬಿದ್ದರೆ, ಉಸಿರು ಕಟ್ಟಿದರೆ, ಫೋನಿಲ್ಲದೆ ಕರೆಯುವುದು ಹೇಗೆ? ಇದು ಹುಸಿ ವಾದವಲ್ಲ. ಇಂಥ ಕಡೆ ಫೋನು ಇಲ್ಲದಿರುವುದೂ ಒಂದು ಅಪಾಯವೇ.

ವಾದ ಮುಗಿಸಿದ್ದು ರಾತ್ರಿ ಪಾಳಿಯ ಮೇಲ್ವಿಚಾರಕಿ. “ಸರ್, ನೀವು ಹಗಲು ಅಂತೀರಿ. ನಮ್ಮವರು ರಾತ್ರಿ ಚಾರ್ಜ್ ಕಡಿಮೆಯಾದರೆ ಹಾಕೇ ಹಾಕ್ತಾರೆ, ಯಾರೂ ತಡೆಯೋಕಾಗಲ್ಲ. ಆ ರೂಮಲ್ಲಿ ಹೊಗೆ ಬಂದ್ರೆ ಮೊದಲು ಯಾರಿಗೆ ಗೊತ್ತಾಗತ್ತೆ?” ಕೋಣೆಯಲ್ಲಿ ಹೊಗೆ ಪತ್ತೆ ಮಾಡುವ ಸಾಧನವಿರಲಿಲ್ಲ. ಬಾಗಿಲು ಮುಚ್ಚಿರುತ್ತದೆ. ಮಲಗಿರುವವರಲ್ಲಿ ತಾವಾಗಿ ಎದ್ದು ನಡೆಯಲಾಗದವರೇ ಹೆಚ್ಚು. ಆಮೇಲೆ ಯಾರೂ ಮಾತು ಬೆಳೆಸಲಿಲ್ಲ.

ಬದಲಿ ಬ್ಯಾಟರಿಗಳನ್ನೆಲ್ಲ ಅಂದೇ ಹೊರತೆಗೆದೆವು. ಡಬ್ಬಿಯ ಹಳೆಯ ಅಸಲಿಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ, ಒಂದೊಂದು ವಿಭಾಗಕ್ಕೆ ಒಂದೇ ಹ್ಯಾಂಡ್‌ಸೆಟ್ ಎಂದು ಹಂಚಿ, ಉಳಿದ ಕೆಲಸಕ್ಕೆ ಮೇಜಿನ ತಂತಿ ಫೋನು ಎಂದು ಗೊತ್ತು ಮಾಡಿದರು. ಆ ಡಬ್ಬಿಯಲ್ಲಿ ಒಂದೆರಡು ಪೂರ್ತಿ ಸತ್ತಂತಿದ್ದವು. ಹೊರಗಿನ ಕರೆಂಟು ಕೊಟ್ಟು ‘ಎಬ್ಬಿಸುವ’ ಉಪಾಯ ಕೆಲವರಿಗೆ ಗೊತ್ತಿತ್ತು. ತೀರಾ ಕೆಳಗಿಳಿದ ಲಿಥಿಯಂ ಸೆಲ್ಲಿನಲ್ಲಿ ಒಳಗಿನ ತಾಮ್ರ ಕರಗಿ ಬೇರೆಡೆ ಕೂತಿರಬಹುದು, ಮತ್ತೆ ಚಾರ್ಜ್ ಮಾಡಿದರೆ ಅದೇ ಒಳಗಿನ ಶಾರ್ಟ್‌ಗೆ ದಾರಿ. ಅವನ್ನೂ ಬಳಕೆಯಿಂದ ತೆಗೆದೆವು.

ತೆಗೆದ ಬ್ಯಾಟರಿಗಳ ಚುಕ್ಕೆಗಳಿಗೆ ಟೇಪು ಹಚ್ಚಿ, ಒಣ ಮರಳು ತುಂಬಿದ ತಗಡಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದಂತೆ ಹೂತು, ಪೆಟ್ಟಿಗೆಯನ್ನು ಕಟ್ಟಡದಿಂದ ಆಚೆ ನೆರಳಿನಲ್ಲಿ ಸಿಮೆಂಟು ನೆಲದ ಮೇಲೆ ಇರಿಸಲಾಯಿತು. ಇ-ತ್ಯಾಜ್ಯದವರು ಬಂದು ಒಯ್ಯುವವರೆಗೆ ಅಲ್ಲೇ.

ತೊಟ್ಟಿಲುಗಳು ಕಿರುಕೋಣೆ ಬಿಟ್ಟು ಸದಾ ಜನವಿರುವ ಕೌಂಟರಿನ ಹಿಂದಿನ ಕಲ್ಲುಹಾಸಿಗೆ ಬಂದವು. ನಡುವೆ ಒಂದೊಂದು ಗೇಣು ಅಂತರ, ಹತ್ತಿರ ಕಾಗದ ಬಟ್ಟೆ ಇಲ್ಲ, ಚಾರ್ಜಿಗೆ ಹಾಕುವಾಗ ಕವಚ ತೆಗೆಯಬೇಕು. ಜಾಗ ಬದಲಿಸುವಾಗ ಅಡಾಪ್ಟರುಗಳ ಗೊಂದಲವೂ ಬಯಲಾಯಿತು: ರೂಟರಿನ 12 ವೋಲ್ಟ್ ಅಡಾಪ್ಟರಿನ ಪಿನ್ನೂ ತೊಟ್ಟಿಲಿನ 5 ವೋಲ್ಟಿನದ್ದೂ ಒಂದೇ ಅಳತೆ. ಹಿಂದೊಮ್ಮೆ ಸುಟ್ಟುಹೋಗಿದ್ದ ತೊಟ್ಟಿಲಿಗೆ ಕಾರಣ ಅದೇ ಇದ್ದೀತು. ಎರಡಕ್ಕೂ ಬೇರೆ ಬಣ್ಣದ ಟೇಪು ಸುತ್ತಿದೆವು.

ಆದರೂ ‘ಚಾರ್ಜ್ ನಿಲ್ತಿಲ್ಲ’

ಕಂಪನಿಯ ಹೊಸ ಬ್ಯಾಟರಿ ಬಂದ ಮೇಲೂ ಹಿಂಭಾಗದ ವಿಭಾಗದವರ ದೂರು ಮುಂದುವರಿಯಿತು. ಬೆಳಿಗ್ಗೆ ಪೂರ್ತಿ ತುಂಬಿದ ಹ್ಯಾಂಡ್‌ಸೆಟ್ ಪಾಳಿ ಮುಗಿಯುವ ಮೊದಲೇ ಮಲಗುತ್ತಿತ್ತು. ಮುಂಭಾಗದಲ್ಲಿ ಅದೇ ಬ್ಯಾಟರಿ ಸಲೀಸಾಗಿ ದಿನ ದಾಟಿಸುತ್ತಿತ್ತು.

ಇದು ಚಾರ್ಜಿಂಗಿಗೆ ಸಂಬಂಧಿಸಿದ್ದೇ ಆಗಿರಲಿಲ್ಲ. ಹಿಂಭಾಗಕ್ಕೆ ವೈಫೈ ಸಿಗ್ನಲ್ ಸರಿಯಾಗಿ ತಲುಪುತ್ತಿರಲಿಲ್ಲ. ಸಿಗ್ನಲ್ ಕ್ಷೀಣವಾದ ಕಡೆ ಹ್ಯಾಂಡ್‌ಸೆಟ್ ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ, ತಲುಪದ ತುಣುಕುಗಳನ್ನು ಮತ್ತೆ ಮತ್ತೆ ಕಳಿಸುತ್ತದೆ, ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ) ಸಿಕ್ಕೀತೇ ಎಂದು ಹುಡುಕುತ್ತಲೇ ಇರುತ್ತದೆ. ಇದೆಲ್ಲ ಬ್ಯಾಟರಿಯ ಲೆಕ್ಕಕ್ಕೇ. ನನ್ನನ್ನು ಕರೆಸಿದ್ದ ಮೂಲ ದೂರಿನ ಬೇರೂ ಇದೇ. ಅತ್ತ ಒಂದು ಆ್ಯಕ್ಸೆಸ್ ಪಾಯಿಂಟ್ ಹೆಚ್ಚಿಗೆ ಹಾಕಿದ ಮೇಲೆ ಕರೆ ಕಡಿಯುವುದೂ ಬ್ಯಾಟರಿ ಬೇಗ ಇಳಿಯುವುದೂ ಒಟ್ಟಿಗೇ ತಗ್ಗಿದವು. ಬೇಗ ಇಳಿಯುತ್ತಿದ್ದ ಕಾರಣಕ್ಕೇ ಹ್ಯಾಂಡ್‌ಸೆಟ್‌ಗಳನ್ನು ಕೈ ಬಿಡುವಾದಾಗಲೆಲ್ಲ ತೊಟ್ಟಿಲಿಗೆ ಹಾಕುತ್ತಿದ್ದರು, ಬಿಸಿ ಹಲಗೆಯ ಮೇಲೆ ಅವು ಕೂತಿರುತ್ತಿದ್ದ ಹೊತ್ತೂ ಹೆಚ್ಚುತ್ತಿತ್ತು. ದೂರುಗಳು ಎರಡು, ಆದರೆ ಒಂದು ಇನ್ನೊಂದಕ್ಕೆ ಗೊಬ್ಬರ ಹಾಕುತ್ತಿತ್ತು.

ಡೆಕ್ಟ್ ಫೋನುಗಳ ವಿಷಯ ಸಣ್ಣದು. ಒಂದರಲ್ಲಿ ಯಾರೋ ಆತುರಕ್ಕೆ ಟಿವಿ ರಿಮೋಟಿಗೆ ಹಾಕುವ ಮಾಮೂಲಿ ಆಲ್ಕಲೈನ್ ಸೆಲ್ ಹಾಕಿ ತೊಟ್ಟಿಲಿನಲ್ಲಿಟ್ಟಿದ್ದರು. ಗೂಡಿಗೆ ಹೊಂದುತ್ತದೆ, ಪರದೆ ಫುಲ್ ಚಾರ್ಜ್ ಎಂದೇ ತೋರಿಸುತ್ತದೆ, ಏಕೆಂದರೆ ಅದರ ವೋಲ್ಟೇಜು 1.5. ಮತ್ತೆ ಚಾರ್ಜ್ ಮಾಡಲೆಂದು ಅದನ್ನು ತಯಾರಿಸಿಲ್ಲ. ಒಳಗೆ ಅನಿಲ ತುಂಬಿ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಹಿಟ್ಟು ಕಟ್ಟಿತ್ತು. ಗೂಡಿನ ಒಳಗೆ ‘ರೀಚಾರ್ಜಬಲ್ ಮಾತ್ರ’ ಎಂಬ ಚೀಟಿ ಅಂಟಿಸಿದರು. ಎರಡು ಸೆಲ್ಲನ್ನೂ ಒಟ್ಟಿಗೇ, ಒಂದೇ ಬಗೆಯದ್ದೇ ಬದಲಿಸಬೇಕು ಎಂಬುದನ್ನೂ ಅದರಲ್ಲೇ ಬರೆದರು.

ಬಿಡಿಸಲು ಹೆಚ್ಚು ಕಷ್ಟವಾದದ್ದು ಒಂದು ನಂಬಿಕೆ: ಬ್ಯಾಟರಿಯನ್ನು ಪೂರ್ತಿ ಸೊನ್ನೆಗೆ ಇಳಿಸಿಯೇ ಚಾರ್ಜಿಗೆ ಹಾಕಬೇಕು ಎಂಬುದು. ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತದು. ಲಿಥಿಯಂ ಅಯಾನ್‌ಗೆ ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ತುಂಬುವುದೇ ಹಿತ, ಸೊನ್ನೆಗೆ ಇಳಿಸುವುದೂ ಸದಾ ನೂರರಲ್ಲಿ ಇಡುವುದೂ ಸವೆತ. ಬಳಕೆಯಲ್ಲಿಲ್ಲದ ಹ್ಯಾಂಡ್‌ಸೆಟ್ಟನ್ನು ಅರ್ಧದಷ್ಟು ಚಾರ್ಜಿನಲ್ಲಿ ಆಫ್ ಮಾಡಿ ತಂಪಾದ ಕಡೆ ಇಡಿ ಎಂದರೆ ಕೆಲವರಿಗೆ ಈಗಲೂ ಅರೆಮನಸ್ಸು.

ಪಾಳಿ ಪುಸ್ತಕದಲ್ಲಿ ‘ಬ್ಯಾಟರಿ ಹೋಗಿದೆ’ ಎಂದು ಬರೆಯುವುದನ್ನು ಮೇಲ್ವಿಚಾರಕಿ ನಿಲ್ಲಿಸಿದರು. ಪರದೆಯ ಮೇಲೆ ಏನು ಗುರುತಿತ್ತು, ಕೈಗೆ ಬಿಸಿ ಹತ್ತುತ್ತಿತ್ತೇ, ಮುಚ್ಚಳ ಸಮವಾಗಿ ಕೂತಿದೆಯೇ, ಕಟ್ಟಡದ ಯಾವ ಭಾಗದಲ್ಲಿತ್ತು, ಇಷ್ಟನ್ನು ಬರೆಯಬೇಕು. ಮುಚ್ಚಳ ಕೂರದಿದ್ದರೆ ಬರೆಯುವ ಮೊದಲೇ ತೊಟ್ಟಿಲಿನಿಂದ ತೆಗೆಯಬೇಕು. ಇಡೀ ಬದಲಾವಣೆಯಲ್ಲಿ ನನಗೆ ಹೆಚ್ಚು ಬೆಲೆಯದ್ದಾಗಿ ಕಂಡದ್ದು ಇದು, ಖರ್ಚಿಲ್ಲದ್ದೂ ಇದೇ.

ಖರೀದಿಯವರು ಈಗ ಆರ್ಡರಿನಲ್ಲಿ ಬ್ಯಾಟರಿಯ ಮೂಲ ಪಾರ್ಟ್ ನಂಬರ್ ಬರೆಯುತ್ತಾರೆ, ಐಇಸಿ 62133 ಸುರಕ್ಷತಾ ಮಾನದಂಡದ ಪರೀಕ್ಷಾ ವರದಿ ಕೇಳುತ್ತಾರೆ, ಮಾಲು ಬಂದಾಗ ಒಂದನ್ನು ಅಂಗೈಯಲ್ಲಿ ಹಿಡಿದು ಮೂರನೇ ಚುಕ್ಕೆಯ ಅಂಕಿ ಇಳಿಯುತ್ತದೆಯೇ ನೋಡುತ್ತಾರೆ. ಆಮೇಲೆ ಬಂದ ಒಂದು ಪೆಟ್ಟಿಗೆಯಲ್ಲಿ ಚೀಟಿ, ನಂಬರು, ಬಣ್ಣ ಎಲ್ಲ ಸರಿಯಾಗಿತ್ತು. ಅಂಕಿ ಮಾತ್ರ 10.0 ಬಿಟ್ಟು ಕದಲಲಿಲ್ಲ. ಪೆಟ್ಟಿಗೆ ಹಾಗೆಯೇ ವಾಪಸ್ ಹೋಯಿತು.